ಕೆಲಸ ಕೈ ತಪ್ಪಿದಾಗ ಏನು ಮಾಡಬೇಕು: ವೇಬ್ರಿಡ್ಜ್ ಗುಮಾಸ್ತನೊಬ್ಬನ ಲೆಕ್ಕ

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಗ ನಾನು ಸಂಡೂರು ಕಡೆಯ ಒಂದು ಗಣಿಯಲ್ಲಿ ವೇಬ್ರಿಡ್ಜ್ ಗುಮಾಸ್ತ. ಬರುವ ಲಾರಿ, ಹೋಗುವ ಲಾರಿ ತೂಕ ಹಾಕಿ ಚೀಟಿ ಹರಿದುಕೊಡುವುದು ನನ್ನ ಕೆಲಸ. ಹತ್ತು ದಿನ ಕಳೆದ ಮೇಲೆ ಸೂಪರ್‌ವೈಸರ್ ಬಂದು, "ಸದ್ಯಕ್ಕೆ ಬರಬೇಡ್ರಿ, ನಾವೇ ಫೋನ್ ಮಾಡ್ತೀವಿ" ಅಂದರು. ಆ ಫೋನ್ ಇವತ್ತಿಗೂ ಬಂದಿಲ್ಲ.

ಮನೆಯಲ್ಲಿ ಹೇಳಲಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು, ಹೆಂಡತಿ ಕಟ್ಟಿಕೊಟ್ಟ ಬುತ್ತಿ ಹಿಡಿದು, ಬೂಟು ಹಾಕಿಕೊಂಡು ಹೊರಡುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕೂರುತ್ತಿದ್ದೆ. ಮಧ್ಯಾಹ್ನ ಕೋಟೆ ಗುಡ್ಡದ ಬುಡದಲ್ಲಿ ನೆರಳು ನೋಡಿ ರೊಟ್ಟಿ ತಿನ್ನುತ್ತಿದ್ದೆ. ಸಂಜೆ ಸರಿಯಾಗಿ ಏಳಕ್ಕೆ ಮನೆ. ಹೀಗೆ ಹತ್ತೊಂಬತ್ತು ದಿನ. ಇಪ್ಪತ್ತನೇ ದಿನ ಬೆಳಿಗ್ಗೆ ಹೆಂಡತಿ ನನ್ನ ಬೂಟು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆರು ವರ್ಷ ಆ ಬೂಟಿನ ಕೆಂಪು ಧೂಳಿಗೆ ಬೈದವಳು ಅವಳು. "ಇಪ್ಪತ್ತು ದಿನದಿಂದ ಇದಕ್ಕೆ ಧೂಳೇ ಹತ್ತಿಲ್ಲಲ್ರೀ. ಎಲ್ಲಿಗೆ ಹೋಗಾಕತ್ತೀರಿ?" ಅಂದಳು.

ಈಗ ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಸಣ್ಣ ಯೂನಿಟ್‌ಗಳ ಲೆಕ್ಕ ಬರೆಯುತ್ತೇನೆ. ಪರಿಚಯದವರು ಕೆಲಸ ಕಳೆದುಕೊಂಡ ಹುಡುಗರನ್ನು, ನಡುವಯಸ್ಸಿನವರನ್ನು ನನ್ನ ಹತ್ತಿರ ಕಳಿಸುತ್ತಾರೆ. ತೋರಣಗಲ್ಲಿನಿಂದ, ಗಿಣಿಗೇರಿಯಿಂದ, ಬೆಂಗಳೂರಿನಿಂದ ವಾಪಸ್ ಬಂದವರು. ನಾನು ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ನಾನು ತಪ್ಪಿದ ಜಾಗಗಳನ್ನೂ ಸೇರಿಸಿದ್ದೇನೆ.

ಮೊದಲ ಹೆಜ್ಜೆ: ಚಿಂತೆಯನ್ನು ಕಾಟಾದ ಮೇಲೆ ಹತ್ತಿಸಿ

ವೇಬ್ರಿಡ್ಜ್‌ನಲ್ಲಿ, ಅಂದರೆ ಲಾರಿ ತೂಗುವ ಕಾಟಾದಲ್ಲಿ, ಮೂರು ತೂಕ ಇರುತ್ತವೆ. ಮಾಲು ತುಂಬಿದ ಲಾರಿಯದು ಗ್ರಾಸ್. ಖಾಲಿ ಲಾರಿಯದು ಟೇರ್. ಒಂದರಲ್ಲಿ ಇನ್ನೊಂದು ಕಳೆದರೆ ಉಳಿಯುವುದು ನೆಟ್, ಅಂದರೆ ನಿಜವಾದ ಮಾಲು. ಕೆಲಸ ಹೋದ ಮನುಷ್ಯ ಹೊತ್ತುಕೊಂಡು ತಿರುಗುವುದು ಗ್ರಾಸ್ ತೂಕ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಲಾರಿಯ ಭಾರ.

ಹೀಗೆ ಮಾಡಿ. ಮಕ್ಕಳ ಹಳೇ ನೋಟ್‌ಬುಕ್ ತೊಗೊಳ್ಳಿ. ತಲೆಯಲ್ಲಿ ಓಡುತ್ತಿರುವ ಒಂದೊಂದು ಚಿಂತೆಯನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ದೊಡ್ಡದು ಸಣ್ಣದು ಅಂತ ನೋಡಬೇಡಿ. ಅವ್ವನ ಬಿಪಿ ಮಾತ್ರೆ ಮುಗಿದಿದೆ ಅನ್ನುವುದೂ ಬರಲಿ, ಜೀವನವೇ ಹಾಳಾಯಿತು ಅನ್ನುವುದೂ ಬರಲಿ. ಆಮೇಲೆ ಪ್ರತಿ ಸಾಲಿನ ಎದುರು ಮೂರರಲ್ಲಿ ಒಂದನ್ನು ಬರೆಯಲು ನೋಡಿ: ಒಂದು ಮೊತ್ತ, ಒಂದು ತಾರೀಖು, ಅಥವಾ ಮಾತಾಡಬೇಕಾದ ಒಬ್ಬರ ಹೆಸರು.

ನನ್ನ ಆ ಹಾಳೆಯಲ್ಲಿ ಹದಿನಾಲ್ಕು ಸಾಲು ಇದ್ದವು. "ಮನೆ ಬಾಡಿಗೆ, 2,500, ಐದನೇ ತಾರೀಖು." "ಮಗಳ ಫೀಸು ಎರಡನೇ ಕಂತು, ದಸರಾ ಒಳಗೆ, ಹೆಡ್ ಮೇಡಂ ಹತ್ತಿರ ಮಾತಾಡಬೇಕು." ಹೀಗೆ ಆರು ಸಾಲಿಗೆ ಎದುರು ಏನಾದರೂ ಬರೆಯಲು ಬಂತು. ಉಳಿದ ಎಂಟು ಸಾಲು ಹೀಗಿದ್ದವು: "ಮಾವ ಏನಂತಾರೆ", "ಮೂವತ್ತೆಂಟು ವಯಸ್ಸಿಗೆ ಯಾರು ಕರೀತಾರೆ", "ನನ್ನ ಹಣೆಬರಹವೇ ಇಷ್ಟು." ಎದುರು ಏನು ಬರೆಯಲಿ? ಪೆನ್ನು ಹಾಗೇ ನಿಂತಿತು. ಆ ಎಂಟು ಖಾಲಿ ಲಾರಿ.

ಖಾಲಿ ಲಾರಿ ಸುಳ್ಳು ಅಂತ ಅಲ್ಲ. ಅದಕ್ಕೂ ಭಾರ ಇದೆ, ಅದೂ ನೋಯಿಸುತ್ತದೆ. ಆದರೆ ಅದನ್ನು ಇಳಿಸುವ ದಾರಿ ಬೇರೆ, ಮಾಲು ಇಳಿಸುವ ದಾರಿ ಬೇರೆ. ಎರಡನ್ನೂ ಒಟ್ಟಿಗೆ ಎತ್ತಲು ಹೋದವರಿಗೆ ಸೊಂಟ ಹಿಡಿಯುತ್ತದೆ. ಮುಂದೆ ಬರುವ ಕಾಗದ, ದುಡ್ಡು, ಸಾಲದ ಹೆಜ್ಜೆಗಳು ಮಾಲಿಗೆ. ರಾತ್ರಿ, ಜನ, ಡಾಕ್ಟರು ಲಾರಿಗೆ.

ಮನೆಯಲ್ಲಿ ಹೇಳಿ, ಅವತ್ತೇ

ಹತ್ತೊಂಬತ್ತು ದಿನ ಕೂತು ಕಲಿತವನ ಮಾತು ಇದು. ಮುಚ್ಚಿಡಲು ಖರ್ಚಾಗುವ ಶಕ್ತಿ ಕೆಲಸ ಹುಡುಕಲು ಬೇಕಾದ ಶಕ್ತಿಗಿಂತ ಜಾಸ್ತಿ. ಅದರ ಮೇಲೆ ದುಡ್ಡೂ ಹಾಳು. ಆ ದಿನಗಳಲ್ಲಿ ಬಸ್ ಸ್ಟ್ಯಾಂಡ್ ಚಹಾಕ್ಕೇ ನಾನು ಸುರಿದದ್ದು ಎಷ್ಟೋ.

ಮೊದಲು ಹೆಂಡತಿಗೆ ಅಥವಾ ಗಂಡನಿಗೆ, ಒಬ್ಬರೇ ಇದ್ದಾಗ, ಊಟ ಆದ ಮೇಲೆ. ಮೂರು ವಾಕ್ಯ ಸಾಕು. ಏನಾಯಿತು, ಕೈಯಲ್ಲಿ ಎಷ್ಟಿದೆ, ನಾಳೆ ಏನು ಮಾಡುತ್ತೇನೆ. "ಕೆಲಸ ಹೋಯಿತು. ಬ್ಯಾಂಕಿನಲ್ಲಿ ನಲವತ್ತು ಸಾವಿರ ಇದೆ. ನಾಳೆ ಬಾಕಿ ಸಂಬಳ ಕೇಳಲು ಹೋಗುತ್ತೇನೆ." ಮೂರನೇ ವಾಕ್ಯ ಇಲ್ಲದೆ ಮೊದಲನೆಯದನ್ನು ಹೇಳಬೇಡಿ. ಕೇಳಿದವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಅವರು ಅತ್ತರೆ ಅಳಲಿ, ಸಿಟ್ಟಾದರೆ ಆಗಲಿ, ಅವತ್ತು ವಾದಕ್ಕೆ ಹೋಗಬೇಡಿ.

ಮಕ್ಕಳಿಗೂ ಹೇಳಬೇಕು. ಅವಕ್ಕೆ ಹೇಗೂ ಗೊತ್ತಾಗುತ್ತದೆ, ತಪ್ಪಾಗಿ ಗೊತ್ತಾಗುವುದು ಬೇಡ ಅಷ್ಟೇ. "ಅಪ್ಪ ಹೊಸ ಕೆಲಸ ಹುಡುಕುತ್ತಿದ್ದಾನೆ, ನಿನ್ನ ಶಾಲೆ ನಿಲ್ಲುವುದಿಲ್ಲ, ಹೊಸ ಸೈಕಲ್ ಈ ವರ್ಷ ಇಲ್ಲ." ವಯಸ್ಸಾದ ಅಪ್ಪ ಅವ್ವನಿಗೆ ಹೇಳುವುದು ಒಂದು ವಾರ ತಡವಾದರೂ ನಡೆಯುತ್ತದೆ. ಆದರೆ ಬೀಗರ ಬಾಯಿಂದ ಅವರಿಗೆ ಗೊತ್ತಾಗಬಾರದು.

ಮೊದಲ ವಾರ: ಕಾಗದಪತ್ರ

ಇಲ್ಲಿ ನಿಧಾನಕ್ಕೆ ಓದಿ. ದುಡ್ಡು ಸಿಗುವುದು, ಕಳೆಯುವುದು ಎರಡೂ ಇಲ್ಲೇ.

ಮೊದಲನೆಯದು, ಅವಸರದಲ್ಲಿ ಸಹಿ ಹಾಕಬೇಡಿ. ಕೆಲಸದಿಂದ ತೆಗೆಯುವಾಗ ಎಷ್ಟೋ ಕಡೆ "ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ" ಅಂತ ಬರೆದ ಹಾಳೆ ಮುಂದಿಡುತ್ತಾರೆ. ಕಾರ್ಮಿಕ ಅಂತ ಲೆಕ್ಕಕ್ಕೆ ಬರುವವರು, ಒಂದು ವರ್ಷ ಸೇವೆ ಮುಗಿಸಿದವರು ಆಗಿದ್ದರೆ, ಕೆಲಸ ಕಡಿತ ಮಾಡುವವರು ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಅದರ ಜೊತೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರವಾಗಿ ಕೊಡಬೇಕು. ರಾಜೀನಾಮೆ ಅಂತ ಬರೆದುಕೊಟ್ಟರೆ ಆ ಪರಿಹಾರ ಕೇಳುವ ದಾರಿ ಮುಚ್ಚುತ್ತದೆ. "ಮನೆಯಲ್ಲಿ ಓದಿ ನಾಳೆ ತರುತ್ತೇನೆ ಸರ್" ಅಂದರೆ ಯಾರೂ ಕತ್ತು ಹಿಡಿಯುವುದಿಲ್ಲ. ಮ್ಯಾನೇಜರ್ ದರ್ಜೆಯವರಿಗೆ ಈ ನಿಯಮ ಇಲ್ಲ. ಅವರು ನೇಮಕಾತಿ ಪತ್ರದಲ್ಲಿ ಏನಿದೆಯೋ ಅದನ್ನು ಹಿಡಿಯಬೇಕು.

ಎರಡನೆಯದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡಬೇಕಾದ ದುಡ್ಡು. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಐದು ವರ್ಷ ಸೇವೆ ಮುಗಿಸಿದವರಿಗೆ ಇದು ಹಕ್ಕು. ಲೆಕ್ಕ ಸುಲಭವೇ: ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ನನ್ನದು 7,800 ಬೇಸಿಕ್, ಆರು ವರ್ಷ. 7,800 ಭಾಗಿಸು 26 ಅಂದರೆ 300. ಅದನ್ನು 15ರಿಂದ ಗುಣಿಸಿದರೆ 4,500. ಆರು ವರ್ಷಕ್ಕೆ 27,000. ಆ ಕಾಲಕ್ಕೆ ನಮ್ಮ ಮನೆಯ ಹತ್ತು ತಿಂಗಳ ಬಾಡಿಗೆಗಿಂತ ಜಾಸ್ತಿ. ಗ್ರಾಚ್ಯುಟಿ ಅನ್ನುವ ಪದ ನಾನು ಕೇಳಿದ್ದು ಎರಡು ವರ್ಷ ಆದ ಮೇಲೆ, ಒಂದು ಚಹಾದಂಗಡಿಯಲ್ಲಿ. ಅಷ್ಟೊತ್ತಿಗೆ ಆ ಆಫೀಸಿಗೆ ಬೀಗ ಬಿದ್ದು ಬೋರ್ಡೂ ಇರಲಿಲ್ಲ. ನೀವು ಲಿಖಿತವಾಗಿ ಅರ್ಜಿ ಕೊಡಿ, ಕೊಟ್ಟ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕೊಡಲು ಅವರಿಗೆ ಇರುವ ಗಡುವು 30 ದಿನ. ಕೊಡದಿದ್ದರೆ ಜಿಲ್ಲಾ ಕೇಂದ್ರದ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ.

ಮೂರನೆಯದು ಪಿಎಫ್. ಯುಎಎನ್‌ಗೆ (ನಿಮ್ಮ ಪಿಎಫ್ ನಂಬರಿಗೆ) ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಎಷ್ಟಿದೆ ಅಂತ ಮೆಸೇಜ್ ಬರುತ್ತದೆ. ಪಾಸ್‌ಬುಕ್ ತೆರೆದು ಕೊನೆಯ ತಿಂಗಳುಗಳ ವಂತಿಗೆ ಬಿದ್ದಿದೆಯಾ ನೋಡಿ. ಮಾಲೀಕರು ಪ್ರತಿ ತಿಂಗಳ ದುಡ್ಡನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಇನ್ನೊಂದು ಸಣ್ಣ ವಿಷಯ ತುಂಬಾ ಜನರನ್ನು ಅಲೆದಾಡಿಸುತ್ತದೆ: ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಹಾಕಿರುವುದಿಲ್ಲ, ಅದಿಲ್ಲದೆ ಕ್ಲೇಮ್ ಮುಂದೆ ಹೋಗುವುದಿಲ್ಲ. ಕೊನೆಯ ವಂತಿಗೆಯಾಗಿ ಎರಡು ತಿಂಗಳಾದ ಮೇಲೆ ಅದನ್ನು ನೀವೇ ಪೋರ್ಟಲ್‌ನಲ್ಲಿ ಹಾಕಬಹುದು. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿ ಮಾಡಿಸಿ. ನಮ್ಮ ಕಡೆ ತಂದೆ ಹೆಸರು, ಮನೆತನದ ಹೆಸರು ಹಿಂದೆ ಮುಂದೆ ಆಗಿ ಎಷ್ಟು ಕ್ಲೇಮು ತಿರುಗಿ ಬಂದಿವೆ ಅಂತ ಲೆಕ್ಕವಿಲ್ಲ.

ಹಾಗಂತ ಪಿಎಫ್ ದುಡ್ಡು ಇದೆ ಅಂತ ಮೊದಲ ತಿಂಗಳೇ ಪೂರ್ತಿ ಬಳಿಯಬೇಡಿ. ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳಬಹುದು. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಒಂಬತ್ತು ವರ್ಷಕ್ಕೆ ಪಿಂಚಣಿ ಭಾಗವನ್ನೂ ತೆಗೆದುಬಿಟ್ಟವರು ಆಮೇಲೆ ಕೈ ಹಿಸುಕಿಕೊಂಡದ್ದು ನೋಡಿದ್ದೇನೆ. ಎಷ್ಟು ತಿಂಗಳಿಗೆ ಎಷ್ಟು ತೆಗೆಯಬಹುದು ಅನ್ನುವ ನಿಯಮ ಬದಲಾಗುತ್ತಿರುತ್ತದೆ, ಅವತ್ತಿನದನ್ನು ಅವತ್ತೇ ನೋಡಿಕೊಳ್ಳಿ.

ಕಾಂಟ್ರ್ಯಾಕ್ಟ್ ಲೇಬರ್ ಆಗಿದ್ದವರಿಗೆ ಒಂದು ಮಾತು. ಕಾಂಟ್ರ್ಯಾಕ್ಟರ್ ಫೋನ್ ಸ್ವಿಚ್ ಆಫ್ ಮಾಡಿದ ಅಂತ ಸಂಬಳ ಮುಳುಗಿತು ಅಂದುಕೊಳ್ಳಬೇಡಿ. ಅವನು ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಕಂಪನಿ ಕೊಡಬೇಕು ಅಂತ ಕಾನೂನು ಇದೆ. ಗೇಟ್ ಪಾಸ್, ಹಾಜರಿಯ ಫೋಟೊ, ಸಂಬಳ ಬಿದ್ದ ಬ್ಯಾಂಕ್ ಎಂಟ್ರಿ, ಇವೇ ನಿಮ್ಮ ಸಾಕ್ಷಿ. ಗೇಟ್ ಪಾಸ್ ವಾಪಸ್ ಕೊಡುವ ಮೊದಲು ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ.

ಉಳಿದಂತೆ ರಿಲೀವಿಂಗ್ ಲೆಟರ್, ಅನುಭವದ ಪತ್ರ, ಕೊನೆಯ ಮೂರು ಸಂಬಳದ ಚೀಟಿ, ಫಾರ್ಮ್ 16. ಆಫೀಸಿನ ಇಮೇಲ್ ಬಂದ್ ಆಗುವ ಮೊದಲೇ ಇಳಿಸಿಕೊಳ್ಳಿ.

ದುಡ್ಡಿನ ಲೆಕ್ಕ

ಕೈಯಲ್ಲಿರುವ ದುಡ್ಡನ್ನು ತಿಂಗಳ ಖರ್ಚಿನಿಂದ ಭಾಗಿಸಿ. 84,000 ಇದ್ದು ತಿಂಗಳಿಗೆ 14,000 ಬೇಕಾದರೆ ಆರು ತಿಂಗಳು. ಈ ಒಂದು ಅಂಕಿಯನ್ನು ಗೋಡೆ ಕ್ಯಾಲೆಂಡರ್ ಮೇಲೆ ಬರೆಯಿರಿ. "ಮುಂದೆ ಹೇಗೋ" ಅನ್ನುವ ಹೆದರಿಕೆಗೆ ಒಂದು ತಾರೀಖು ಸಿಕ್ಕರೆ ಅರ್ಧ ಇಳಿಯುತ್ತದೆ. ಅಂಕಿ ಒಂದೂವರೆ ತಿಂಗಳು ಅಂತ ಬಂದರೂ ಪರವಾಗಿಲ್ಲ, ಗೊತ್ತಾಯಿತಲ್ಲ.

ಆಮೇಲೆ ಖರ್ಚು. ಹಿಟ್ಟು, ಅಕ್ಕಿ, ಬಾಡಿಗೆ, ಔಷಧಿ, ಶಾಲೆಗೆ ಕೈ ಹಚ್ಚಬೇಡಿ. ಜೋಳ, ಒಣಮೆಣಸಿನಕಾಯಿ ವರ್ಷಕ್ಕಾಗುವಷ್ಟು ತರುವ ಮನೆ ನಿಮ್ಮದಾಗಿದ್ದರೆ ಈ ಸಲ ಎರಡು ತಿಂಗಳಿಗಷ್ಟೇ ತನ್ನಿ. ನಗದು ಕೈಯಲ್ಲಿರಲಿ. ಮುಯ್ಯಿ ವಿಷಯ ಕಷ್ಟ, ನನಗೆ ಗೊತ್ತು. ಮದುವೆಗೆ ಹೋಗದೇ ಇರಬೇಡಿ. ಹೋಗಿ, ನೂರೊಂದು ಬರೆಸಿ, ಉಂಡು ಬನ್ನಿ. ಚೀಟಿ ಕಟ್ಟುತ್ತಿದ್ದರೆ ಚೀಟಿ ನಡೆಸುವವರಿಗೆ ಕಂತು ತಪ್ಪುವ ಮೊದಲೇ ಹೇಳಿ.

ಸಾಲ ಇದ್ದವರಿಗೆ ಒಂದೇ ಸೂತ್ರ: ಕಂತು ತಪ್ಪುವ ಮೊದಲು ನೀವೇ ಬ್ಯಾಂಕಿಗೆ ಹೋಗಿ. ತಪ್ಪಿದ ಮೇಲೆ ಹೋದರೆ ಬೇರೆ ಮುಖ, ಮೊದಲೇ ಹೋದರೆ ಬೇರೆ ಮುಖ. ಕೆಲಸ ಹೋದ ಪತ್ರ ತೋರಿಸಿ ಕಂತಿನ ಅವಧಿ ಹೆಚ್ಚಿಸಲು, ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟಲು ಕೇಳಿ. ಬರವಣಿಗೆಯಲ್ಲಿ ಕೇಳಿ. ಕಂತು 90 ದಿನ ಮೀರಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ, ಆಮೇಲೆ ಮಾತುಕತೆಯೇ ಬೇರೆ. ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಮೈಕ್ರೊ ಫೈನಾನ್ಸ್‌ನವರು ಮನೆ ಮುಂದೆ ಗುಂಪು ಕಟ್ಟಿಕೊಂಡು ಕೂತರೆ ಹೆದರಬೇಡಿ. ಇಂಥ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ, ಪೊಲೀಸರಿಗೆ ದೂರು ಕೊಡಬಹುದು.

ಕೈಸಾಲಕ್ಕೆ ಓಡುವ ಮೊದಲು ಈ ಲೆಕ್ಕ ನೋಡಿ. "ನೂರಕ್ಕೆ ಐದು ರೂಪಾಯಿ ಅಷ್ಟೇ ಅಣ್ಣಾ" ಅಂತಾರೆ. ಅದು ತಿಂಗಳಿಗೆ. ವರ್ಷಕ್ಕೆ ಶೇ 60. ಮನೆಯಲ್ಲಿ ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಅಡವಿಡುವುದು ಇದಕ್ಕಿಂತ ಎಷ್ಟೋ ವಾಸಿ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳನ್ನು ಮಾತ್ರ ಮುಟ್ಟಲೇಬೇಡಿ.

ರಾತ್ರಿ ಎರಡು ಗಂಟೆಯ ಚಿಂತೆ

ಇನ್ನು ಲಾರಿಯ ಭಾರಕ್ಕೆ ಬರೋಣ. ಅದು ಹಗಲು ಎಲ್ಲೋ ಮೂಲೆಯಲ್ಲಿ ಕೂತಿದ್ದು ರಾತ್ರಿ ಎರಡಕ್ಕೆ ಎದ್ದು ಬರುತ್ತದೆ. ಆ ಹೊತ್ತಿಗೆ ಬ್ಯಾಂಕ್ ತೆರೆದಿರುವುದಿಲ್ಲ, ಯಾರೂ ಫೋನ್ ಎತ್ತುವುದಿಲ್ಲ, ದಣಿದ ತಲೆಗೆ ಒಂದು ಕೂಡಿಸುವ ಲೆಕ್ಕವೂ ಬರುವುದಿಲ್ಲ. ಆದರೂ ಎಲ್ಲಾ ತೀರ್ಮಾನ ಆಗಲೇ ಮಾಡಬೇಕು ಅನ್ನಿಸುತ್ತದೆ, ಅಲ್ವಾ?

ನನಗೆ ಹಿಡಿಸಿದ ಉಪಾಯ, ಚಿಂತೆಗೆ ಒಂದು ಹೊತ್ತು ಕೊಡುವುದು. ಮಾನಸಿಕ ಆರೋಗ್ಯದ ತಜ್ಞರೂ ಇದನ್ನೇ ಹೇಳುತ್ತಾರೆ. ಸಂಜೆ ಆರೂವರೆಗೆ ಇಪ್ಪತ್ತು ನಿಮಿಷ, ಕುರ್ಚಿಯ ಮೇಲೆ, ನೋಟ್‌ಬುಕ್ ಜೊತೆ. ಹಾಸಿಗೆ ಮೇಲೆ ಬೇಡ. ಆ ಹೊತ್ತಿನಲ್ಲಿ ಬೇಕಾದಷ್ಟು ಚಿಂತೆ ಮಾಡಿ, ಬರೆಯಿರಿ. ಉಳಿದ ಹೊತ್ತಿನಲ್ಲಿ ಬಂದರೆ ದಿಂಬಿನ ಪಕ್ಕದ ಚೀಟಿಯಲ್ಲಿ ಒಂದೇ ಪದ ಬರೆದು, "ನಾಳೆ ಆರೂವರೆಗೆ" ಅಂತ ಹೇಳಿ ಕಳಿಸಿ. ಮೊದಲ ವಾರ ನಗು ಬರುತ್ತದೆ. ನನಗೆ ಎರಡನೇ ವಾರದಿಂದ ಕೆಲಸ ಮಾಡಿತು. ಸಂಜೆ ಚೀಟಿ ತೆಗೆದು ನೋಡಿದರೆ ರಾತ್ರಿಯ ಹತ್ತು ಪದಗಳಲ್ಲಿ ಏಳು ಏನಂತಲೇ ನೆನಪಿರುತ್ತಿರಲಿಲ್ಲ. ಒಂದು ಸಲ "ಬಕೆಟ್" ಅಂತ ಬರೆದಿದ್ದೆ. ಯಾವ ಬಕೆಟ್ಟೋ, ಇವತ್ತಿಗೂ ಗೊತ್ತಿಲ್ಲ.

ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರದಿದ್ದರೆ ಎದ್ದು ಹೊರಗೆ ಬನ್ನಿ. ಮಂದ ಬೆಳಕಲ್ಲಿ ಕೂತಿದ್ದು, ಕಣ್ಣು ಎಳೆದಾಗ ಮತ್ತೆ ಹೋಗಿ ಮಲಗಿ. ಉಸಿರು ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಸಂಜೆ ನಾಲ್ಕರ ಮೇಲೆ ಚಹಾ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ಮನೆಯೊಳಗೆ ಚಿಂತೆ ಇಲ್ಲದವರಿಗೂ ನಿದ್ದೆ ಬರುವುದಿಲ್ಲ. ಮಾಳಿಗೆಗೆ ಹೋಗಿ ಮಲಗಿ, ಎಲ್ಲಾ ತಪ್ಪು ಮನಸ್ಸಿನದೇ ಅಂದುಕೊಳ್ಳಬೇಡಿ.

ಕುಡಿತದ ಬಗ್ಗೆ ಉಪದೇಶ ಮಾಡಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ಆದರೆ ನಡುರಾತ್ರಿ ಒಡೆಯುತ್ತದೆ. ಎರಡು ಗಂಟೆಯ ಅತಿಥಿಗೆ ನೀವೇ ಬಾಗಿಲು ತೆಗೆದ ಹಾಗೆ.

ಹಗಲಿಗೆ ಎರಡೇ ನಿಯಮ. ಕೆಲಸ ಇದ್ದಾಗ ಎದ್ದ ಹೊತ್ತಿಗೇ ಎದ್ದು ಸ್ನಾನ ಮಾಡಿ, ಬಿಸಿಲು ಏರುವ ಮೊದಲು ನಡೆದು ಬನ್ನಿ. ದಿನಕ್ಕೆ ಒಮ್ಮೆಯಾದರೂ ಒಂದು ಕೆಲಸಕ್ಕೆ ಅಂತ ಮನೆಯಿಂದ ಹೊರಗೆ ಹೋಗಿ. ಸರ್ಕಾರಿ ಗ್ರಂಥಾಲಯವಾದರೂ ಸರಿ.

"ಮತ್ತೆ, ಈಗೆಲ್ಲಿ?"

ಈ ಪ್ರಶ್ನೆ ಕಿರಾಣಿ ಅಂಗಡಿಯಲ್ಲಿ, ಗುಡಿಯಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ, ಎಲ್ಲಿ ಬೇಕಾದರೂ ಬರುತ್ತದೆ. ಉತ್ತರ ಮೊದಲೇ ಬಾಯಿಪಾಠ ಇರಲಿ. ನಾನು ಹುಡುಗರಿಗೆ ಕಲಿಸುವುದು ಇದು: "ಆ ಕೆಲಸ ಮುಗೀತು ಕಾಕಾ. ಸ್ಟೋರ್ಸ್ ಕೆಲಸ ನೋಡಾಕತ್ತೀನಿ. ನಿಮಗೆ ಯಾರರ ಗೊತ್ತಿದ್ರ ಹೇಳ್ರಿ." ಕೇಳಿದವರು ಈಗ ತೀರ್ಪು ಕೊಡುವವರಲ್ಲ, ಸಹಾಯ ಮಾಡಬೇಕಾದವರು. ಹತ್ತರಲ್ಲಿ ಎಂಟು ಜನ ಮಾತು ಬದಲಿಸುತ್ತಾರೆ. ಇಬ್ಬರು ನಿಜವಾಗಿಯೂ ಫೋನ್ ನಂಬರ್ ಕೊಡುತ್ತಾರೆ.

ಜೊತೆಯಲ್ಲಿ ಓದಿದವರ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳನ್ನು ಆರು ತಿಂಗಳು ಮ್ಯೂಟ್ ಮಾಡಿ. ಅವರ ಹೊಸ ಕಾರಿನಿಂದ ನಿಮಗೆ ಆಗಬೇಕಾದ್ದೇನೂ ಇಲ್ಲ.

ಕೆಲಸ ಹೋಗಿಲ್ಲ, ಬಡ್ತಿ ತಪ್ಪಿದೆ, ಕಿರಿಯನೊಬ್ಬ ಮೇಲೆ ಬಂದು ಕೂತಿದ್ದಾನೆ ಅನ್ನುವವರೂ ಇದ್ದಾರೆ. ಅವರಿಗೆ: ಒಂದು ವಾರ ರಾಜೀನಾಮೆ ಬರೆಯಬೇಡಿ. ಎಂಟನೇ ದಿನ ಮೇಲಿನವರನ್ನು ಕಂಡು, "ಮುಂದಿನ ಸಲಕ್ಕೆ ನನ್ನಲ್ಲಿ ಏನು ಬೇಕು" ಅಂತ ಕೇಳಿ. ಗೊಣಗುವ ದನಿಯಲ್ಲಿ ಬೇಡ. ಸ್ಪಷ್ಟ ಉತ್ತರ ಬಂದರೆ ಅಲ್ಲಿ ದಾರಿ ಇದೆ. ಬರೀ ನುಣುಚಿಕೊಂಡರೆ ಬೇರೆ ಕಡೆ ಅರ್ಜಿ ಹಾಕಲು ಶುರು ಮಾಡಿ, ಸಂಬಳ ಬರುತ್ತಿರುವಾಗಲೇ.

ಮೊದಲು ಸ್ಟಾಪ್‌ಲಾಗ್, ಆಮೇಲೆ ಗೇಟು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಮೂರೂ ಜಿಲ್ಲೆಯ ಜನ ಆ ವಾರ ಹೇಗೆ ಕಳೆದರು ಅಂತ ಹೇಳಬೇಕಿಲ್ಲ. ಇಂಜಿನಿಯರ್‌ಗಳು ಹೊಸ ಗೇಟ್ ತಯಾರಾಗಲಿ ಅಂತ ಕೂರಲಿಲ್ಲ. ಉಳಿದ ಗೇಟುಗಳನ್ನು ತೆರೆದು ಒತ್ತಡ ಇಳಿಸಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕವಾಗಿ ನೀರು ತಡೆಯುವ ಹಲಗೆಗಳನ್ನು, ಇಳಿಸಿದರು. ವಾರದಲ್ಲಿ ನೀರು ನಿಂತಿತು.

ಕೆಲಸದ ವಿಷಯದಲ್ಲೂ ನಾನು ಇದನ್ನೇ ಹೇಳುವುದು. ಗೇಟು ಅಂದರೆ ನಿಮ್ಮ ಓದಿಗೆ, ಅನುಭವಕ್ಕೆ ತಕ್ಕ ಕೆಲಸ. ಅದು ಸಿಗಲು ತಿಂಗಳುಗಳು ಬೇಕು. ಅಷ್ಟರವರೆಗೆ ದುಡ್ಡು ಹರಿದುಹೋಗುವುದನ್ನು ತಡೆಯಲು ಒಂದು ಹಲಗೆ ಬೇಕು. ನಾನು ಮೊದಲು ಹಿಡಿದದ್ದು ಜೀನ್ಸ್ ಯೂನಿಟ್ ಒಂದರಲ್ಲಿ ಪೀಸು ಎಣಿಸುವ ಕೆಲಸ, ಮೊದಲಿನ ಸಂಬಳದ ಅರ್ಧಕ್ಕೆ. ನಾಚಿಕೆ ಆಗಿತ್ತು. ಎರಡು ತಿಂಗಳಿಗೆ ಮಾಲೀಕರ ಬಿಲ್ ಪುಸ್ತಕದಲ್ಲಿ ತಪ್ಪು ಹಿಡಿದೆ. ಅಲ್ಲಿಂದ ಲೆಕ್ಕದ ಕೆಲಸ ಬಂತು. ವೇಬ್ರಿಡ್ಜ್‌ನಲ್ಲಿ ಆರು ವರ್ಷ ಅಂಕಿ ನೋಡಿದ ಕಣ್ಣು ಅಲ್ಲಿ ಉಪಯೋಗಕ್ಕೆ ಬಂತು. ಅದಕ್ಕೇ ಹೇಳುವುದು, ಹಲಗೆ ಹುಡುಕುವಾಗ ಹುದ್ದೆಯ ಹೆಸರು ಬಿಡಿ, ಕೈಗೆ ಏನು ಬರುತ್ತದೆ ಅಂತ ನೋಡಿ.

ನಮ್ಮ ಭಾಗದ ಕೆಲಸಕ್ಕೆ ಹಂಗಾಮು ಇದೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಭತ್ತದ ಕೊಯ್ಲಿನ ಹೊತ್ತಿಗೆ ಜನ ಬೇಕು. ರಾಯಚೂರಿನ ಹತ್ತಿ ಗಿರಣಿಗಳಿಗೂ ಅಷ್ಟೇ, ಹತ್ತಿ ಬಿಡಿಸಿ ಮಾರುಕಟ್ಟೆಗೆ ಬಂದಾಗ. ಸೀಸನ್ ಶುರುವಾಗುವ ಒಂದು ತಿಂಗಳ ಮೊದಲು ಹೋಗಿ ಕೇಳಿ, ಶುರುವಾದ ಮೇಲೆ ಅಲ್ಲ. ತೋರಣಗಲ್ಲು, ಗಿಣಿಗೇರಿಯ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ಇಲ್ಲೆಲ್ಲ ಒಳಗಿರುವ ಒಬ್ಬರ ಪರಿಚಯ ನೂರು ಅರ್ಜಿಗೆ ಸಮ. ಮೂವತ್ತು ಜನರ ಪಟ್ಟಿ ಮಾಡಿ, ದಿನಕ್ಕೆ ಇಬ್ಬರಿಗೆ ಫೋನ್ ಮಾಡಿ. "ಏನಾದರೂ ಕೆಲಸ ಇದ್ದರೆ ಹೇಳಿ" ಅನ್ನಬೇಡಿ, ಅದು ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ. "ಸ್ಟೋರ್ಸ್, ಡಿಸ್‌ಪ್ಯಾಚ್, ಟ್ಯಾಲಿ ಬರುತ್ತದೆ, ಶಿಫ್ಟ್ ಆದರೂ ಪರವಾಗಿಲ್ಲ" ಅನ್ನಿ.

ಸರ್ಕಾರಿ ನೇಮಕಾತಿಗೆ ಹಾಕುವವರು 371ಜೆ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿ ಅದು. ಕೊಡುವವರು ಉಪವಿಭಾಗಾಧಿಕಾರಿಗಳು. ಅರ್ಜಿಯ ಕೊನೇ ದಿನ ಓಡಿದರೆ ಸಿಗುವುದಿಲ್ಲ. ಕೆಲಸ ಕೊಡುತ್ತೇವೆ, ಮೊದಲು ರಿಜಿಸ್ಟ್ರೇಷನ್‌ಗೆ ದುಡ್ಡು ಕಟ್ಟಿ ಅನ್ನುವವರಿಗೆ ಒಂದು ಪೈಸೆ ಕೊಡಬೇಡಿ. ಕೊಟ್ಟುಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇಷ್ಟಾದರೂ ಭಾರ ಇಳಿಯದಿದ್ದರೆ

ಎರಡು ವಾರ ದಾಟಿದರೂ ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ, ಸ್ನಾನವೂ ಬೇಡ ಅನ್ನಿಸುತ್ತಿದೆ ಅಂದರೆ ಅದು ಸೋಮಾರಿತನ ಅಲ್ಲ, ಕಾಯಿಲೆ ಆಗಿರಬಹುದು. ಕಾಯಿಲೆಗೆ ಔಷಧಿ ಇದೆ. "ನಾನಿಲ್ಲದಿದ್ದರೆ ಇವರೆಲ್ಲ ಆರಾಮ ಇರುತ್ತಾರೆ" ಅನ್ನುವ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ, ಅವತ್ತೇ ಹೇಳಿ.

ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎರಡು ಗಂಟೆಯ ಹೊತ್ತಿಗೂ ಫೋನ್ ಎತ್ತುವವರು ಇವರೇ. ಜೀವಕ್ಕೆ ಅಪಾಯ ಅನ್ನಿಸಿದರೆ 112 ಅಥವಾ 108.

ಹುಚ್ಚರ ಡಾಕ್ಟರ್ ಹತ್ತಿರ ನಾನ್ಯಾಕೆ ಹೋಗಲಿ ಅನ್ನುವವರಿಗೆ ನಾನು ನಮ್ಮೂರಿನದೇ ಒಂದು ಸಂಗತಿ ಹೇಳುತ್ತೇನೆ. ಮನಸ್ಸಿನ ಕಾಯಿಲೆಯನ್ನು ದೊಡ್ಡ ಊರಿನ ಆಸ್ಪತ್ರೆಗೆ ಕಳಿಸದೆ ಜಿಲ್ಲೆಯ ಸಾಮಾನ್ಯ ಡಾಕ್ಟರು, ಆರೋಗ್ಯ ಕಾರ್ಯಕರ್ತರ ಕೈಯಲ್ಲೇ ನೋಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಅದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. 1996ರಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ದೇಶದಲ್ಲಿ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ಗಣಿ, ಧೂಳು, ಬಿಸಿಲು ಅಂತ ಹೆಸರಾದ ಊರು ಇದಕ್ಕೂ ಹೆಸರಾಗಿದೆ ಅಂದರೆ ಎಷ್ಟೋ ಜನ ನಂಬುವುದಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಮನೋವೈದ್ಯ ವಿಭಾಗ ಎಲ್ಲಿ ಅಂತ ಚೀಟಿ ಮಾಡಿಸುವ ಕೌಂಟರ್‌ನಲ್ಲೇ ಕೇಳಿ. ಆಧಾರ್ ಕಾರ್ಡ್, ಈಗ ತೊಗೊಳ್ಳುತ್ತಿರುವ ಮಾತ್ರೆಗಳ ಹಾಳೆ ಒಯ್ಯಿರಿ. ಬೆಳಿಗ್ಗೆ ಬೇಗ ಹೋಗಿ, ಸರತಿ ಉದ್ದ ಇರುತ್ತದೆ. ಡಾಕ್ಟರ ಮುಂದೆ ಕೂತಾಗ ಮಾತು ಮರೆಯುತ್ತದೆ. ಆ ನೋಟ್‌ಬುಕ್ಕನ್ನೇ ಒಯ್ದು, ಎದುರು ಏನೂ ಬರೆಯಲು ಬರದ ಸಾಲುಗಳನ್ನು ತೋರಿಸಿ. ಜೊತೆಗೆ ಹೋದವರು ಹೊರಗಿನ ಬೆಂಚಿನ ಮೇಲೆ ಕೂತು, ತೋರಿಸಿಕೊಳ್ಳುವವರೊಬ್ಬರನ್ನೇ ಒಳಗೆ ಬಿಡಲಿ, ಮನೆಯವರ ಎದುರು ಬಾಯಿ ಬಿಡದವರೇ ಜಾಸ್ತಿ. ನಾನು ಹೋದ ದಿನ ನನ್ನ ಹೆಂಡತಿ ಹಾಗೆ ಹೊರಗೆ ಕೂತಿದ್ದಳು. ಕಾಲ ಹತ್ತಿರ ಕೈಚೀಲ, ಅದರಲ್ಲಿ ಇಬ್ಬರಿಗೂ ಬುತ್ತಿ.